ಬಾಯ್ಲರಿನ ಬಿರುಕು, ಕೆನ್ನೆಯ ಬಿರುಕು

ಈ ಕಡೆ ಬಂದು ನಾಲ್ಕು ತಿಂಗಳ ಮೇಲಾಯ್ತು. ಕೆಲಸ, ಊರು, ಮತ್ತೆ ಕೆಲಸ... ಇವುಗಳ ಮಧ್ಯೆ ಬರೆಯಬೇಕು ಅಂದುಕೊಂಡದ್ದೆಲ್ಲ ಹಾಗೇ ಉಳಿದುಬಿಡುತ್ತಿತ್ತು. ಆದರೆ ಈ ವಿಷಯ ಮಾತ್ರ ತಲೆಯಿಂದ ಇಳಿಯಲೇ ಇಲ್ಲ. ಇವತ್ತು ಬರೆದು ಮುಗಿಸಿಬಿಡುತ್ತೇನೆ. ಸ್ವಲ್ಪ ಉದ್ದವಾಗಬಹುದು, ಕಾಫಿ ಇಟ್ಟುಕೊಂಡೇ ಕೂತುಕೊಳ್ಳಿ :)

ನನ್ನ ಹೊಟ್ಟೆಪಾಡು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಬಾಯ್ಲರ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ವೆಲ್ಡಿಂಗ್ ಪರೀಕ್ಷೆ ಮಾಡುತ್ತೇನೆ. ಎರಡು ಉಕ್ಕಿನ ಕೊಳವೆಗಳನ್ನು ಬೆಸೆದ ಮೇಲೆ ಹೊರಗಿನಿಂದ ನೋಡಿದರೆ ಬೆಸುಗೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಮುಂದೊಂದು ದಿನ ಆವಿಯ ಒತ್ತಡಕ್ಕೆ ಅದು ಬಾಯಿಬಿಡಬಹುದು. ಅದಕ್ಕೇ ಬೆಸುಗೆಯ ಪಕ್ಕ ಗ್ರೀಸು ಸವರಿ, ಬೆರಳುದ್ದದ ಪ್ರೋಬನ್ನು ಅದರ ಮೇಲೆ ಜಾರಿಸುತ್ತಾ ಕಿವಿಗೆ ಕೇಳದಷ್ಟು ಸಣ್ಣ ಶಬ್ದವನ್ನು ಒಳಗೆ ಕಳಿಸುತ್ತೇವೆ. ಲೋಹ ಸರಿಯಾಗಿದ್ದರೆ ಶಬ್ದ ತನ್ನ ಪಾಡಿಗೆ ಹೋಗುತ್ತದೆ. ಬಿರುಕಿದ್ದರೆ ಅದಕ್ಕೆ ಬಡಿದು ವಾಪಸ್ ಬರುತ್ತದೆ, ಪರದೆಯ ಮೇಲೆ ಒಂದು ಗೆರೆ ಎದ್ದು ನಿಲ್ಲುತ್ತದೆ. ಹದಿನಾರು ವರ್ಷದಿಂದ ಇದೇ ಕೆಲಸ.

ಎರಡು ವರ್ಷದ ಹಿಂದೆ ಊರ ಜಾತ್ರೆಗೆ ಹೋಗಿದ್ದೆ. ರಾತ್ರಿ ಹನ್ನೊಂದರ ಹೊತ್ತಿಗೆ ಚಿಕ್ಕಪ್ಪನ ಮಗ ಪುಟ್ಟು ಬೈಕಿನಿಂದ ಬಿದ್ದ. ಹೆಲ್ಮೆಟ್ ಇತ್ತು, ಪೆಟ್ರೋಲ್ ಟ್ಯಾಂಕಿನ ಮೇಲೆ! ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಡಗಡೆಯ ಮುಖ ಬನ್ನಿನ ಹಾಗೆ ಊದಿತ್ತು, ಕಣ್ಣು ಮುಚ್ಚಿಹೋಗಿತ್ತು. ಪ್ರಜ್ಞೆ ತಪ್ಪಿರಲಿಲ್ಲ, ಮಾತಾಡುತ್ತಿದ್ದ. ಆದರೆ ಬಾಯಿ ಪೂರ್ತಿ ತೆರೆಯಲಾಗುತ್ತಿಲ್ಲ, ಕೆನ್ನೆ ಜೋಮು ಹಿಡಿದ ಹಾಗಿದೆ ಅನ್ನುತ್ತಿದ್ದ. "ಊತ ಅಷ್ಟೇ, ಇಳಿದ್ರೆ ಎಲ್ಲಾ ಸರಿಹೋಗುತ್ತೆ, ಮಾತ್ರೆ ಕೊಡ್ಸಿ ಕರ್ಕೊಂಡ್ ಹೋಗೋಣ" ಅಂದರು ಚಿಕ್ಕಪ್ಪ.

ಆ ಮಾತು ಕೇಳಿ ನನಗೆ ನೆನಪಾದದ್ದು ನಮ್ಮ ತಾತ. ಪ್ರಾಯದಲ್ಲಿ ಗಾಡಿಯ ನೊಗ ಬಡಿದು ಅವರ ಬಲಗೆನ್ನೆ ಒಳಕ್ಕೆ ಹೋಗಿತ್ತಂತೆ. ಆಗಲೂ ಯಾರೋ ಊತ ಅಷ್ಟೇ ಅಂದಿರಬೇಕು. ಊತ ಇಳಿಯಿತು, ಕೆನ್ನೆ ಮಾತ್ರ ಮೇಲೆ ಬರಲಿಲ್ಲ. ಸಾಯುವವರೆಗೂ ಅವರ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ತೀರಾ ಹಣ್ಣಾದ ಮಾವನ್ನೂ ಹೋಳು ಮಾಡಿಯೇ ತಿನ್ನುತ್ತಿದ್ದರು. ನಾವು ಮಕ್ಕಳು ಅದನ್ನು ನೋಡಿ ನಗುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಆಸ್ಪತ್ರೆಯಲ್ಲಿ ಸಿ.ಟಿ. ಇರಲಿಲ್ಲ, ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಎಕ್ಸ್-ರೇ ಇತ್ತು. ಆದರೆ ಕೆನ್ನೆಮೂಳೆ ಸರಿಯಾಗಿ ಕಾಣಬೇಕಾದರೆ ಗದ್ದ ಮೇಲೆತ್ತಿ ತಲೆಯನ್ನು ಹಿಂದಕ್ಕೆ ಬಾಗಿಸಬೇಕು. ಪುಟ್ಟುವಿನ ಕುತ್ತಿಗೆಗೆ ಪಟ್ಟಿ ಕಟ್ಟಿಬಿಟ್ಟಿದ್ದರು. ಮಲಗಿಸಿ ತೆಗೆದ ಚಿತ್ರದಲ್ಲಿ ಒಂದರ ಮೇಲೊಂದು ಮೂಳೆಯ ನೆರಳು ಕಂಡವೇ ಹೊರತು ಬೇರೇನೂ ಗೊತ್ತಾಗಲಿಲ್ಲ. ರಾತ್ರಿಪಾಳಿಯಲ್ಲಿದ್ದ ವೈದ್ಯೆ ಚಿಕ್ಕ ವಯಸ್ಸಿನವರು. ಗಾಲಿಯ ಮೇಲಿದ್ದ ಅಲ್ಟ್ರಾಸೌಂಡ್ ಯಂತ್ರವನ್ನು ತಳ್ಳಿಕೊಂಡು ಬಂದರು. ಮೊದಲು ಹೊಟ್ಟೆಯಲ್ಲಿ ರಕ್ತ ಸೋರಿಲ್ಲವೆಂದು ನೋಡಿಕೊಂಡರು. ಆಮೇಲೆ ಪ್ರೋಬ್ ಬದಲಿಸಿ, ಹೆಚ್ಚು ಜೆಲ್ಲು ಹಾಕಿ, ಏಟಾಗದ ಬಲಗೆನ್ನೆಯ ಮೇಲೆ ಮೆಲ್ಲಗೆ ಜಾರಿಸಿದರು. ಪರದೆಯ ಮೇಲೆ ಬೆಳ್ಳನೆಯ ಒಂದು ಗೆರೆ, ಬಿಲ್ಲಿನ ಹಾಗೆ ಬಾಗಿದ್ದು, ಎಲ್ಲೂ ತುಂಡಾಗಿರಲಿಲ್ಲ. ಆಮೇಲೆ ಎಡಗೆನ್ನೆ. ಅದೇ ಗೆರೆ ಸ್ವಲ್ಪ ದೂರ ಬಂದು ನಿಂತಿತು. ಒಂದು ಕತ್ತಲ ಸಂದು. ಅಲ್ಲಿಂದಾಚೆಗೆ ಗೆರೆ ಒಂದು ಮೆಟ್ಟಿಲು ಕೆಳಗಿಳಿದು ಮುಂದುವರಿದಿತ್ತು.

ನನ್ನ ಬಾಯಿಂದ ತಾನಾಗಿ ಬಂತು, "ಬಿರುಕು!"

ಅವರು ತಿರುಗಿ ನೋಡಿದರು. "ನೀವು ಡಾಕ್ಟ್ರಾ?"

"ಇಲ್ಲ ಮೇಡಂ, ಬಾಯ್ಲರ್."

ಅಂಥ ಹೊತ್ತಲ್ಲೂ ಅವರಿಗೆ ನಗು ಬಂತು. ಆದರೆ ನಾನು ಹೇಳಿದ್ದು ತಮಾಷೆಯಲ್ಲ. ಕೆಲಸಕ್ಕೆ ವಾಪಸ್ ಬಂದ ಮೇಲೆ ಇದರ ಹಿಂದಿನ ಕಥೆ ಹುಡುಕುತ್ತಾ ಹೋದೆ. ಬಾಯ್ಲರಿಗೂ ಈ ಯಂತ್ರಕ್ಕೂ ನಿಜಕ್ಕೂ ನೆಂಟಸ್ತಿಕೆ ಇದೆ. ಅದನ್ನೇ ನಿಮಗೆ ಹೇಳಬೇಕು.

*

ಮೊದಲು ಮುಖದ ಕಥೆ. ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ ರೆನೆ ಲ ಫೋರ್ ಎಂಬ ಶಸ್ತ್ರವೈದ್ಯನಿದ್ದ. ಮುಖಕ್ಕೆ ಪೆಟ್ಟು ಬಿದ್ದಾಗ ಮೂಳೆಗಳು ಹೇಗೆಂದರೆ ಹಾಗೆ ಒಡೆಯುತ್ತವೆಯೋ, ಇಲ್ಲ ಅದಕ್ಕೂ ಒಂದು ದಾರಿಯಿದೆಯೋ ಅನ್ನುವುದು ಅವನ ಪ್ರಶ್ನೆ. ಸತ್ತವರ 35 ತಲೆಗಳನ್ನು ತೆಗೆದುಕೊಂಡು, ಮರದ ದೊಣ್ಣೆಯಿಂದಲೂ ಬೇರೆ ಬೇರೆ ರೀತಿಯಿಂದಲೂ ಬಡಿದು, ಆಮೇಲೆ ಬೇಯಿಸಿ ಮಾಂಸ ಬಿಡಿಸಿ, ಮೂಳೆ ಎಲ್ಲೆಲ್ಲಿ ಸೀಳಿದೆ ಎಂದು ನೋಡಿದ. ಓದುವಾಗ ಹೊಟ್ಟೆ ತೊಳಸುತ್ತದೆ, ನಿಜ. ಆದರೆ 1901ರಲ್ಲಿ ಅವನು ಬರೆದಿಟ್ಟ ಮೂರು ಬಗೆಯ ಮುರಿತಗಳನ್ನು ವೈದ್ಯರು ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅವನು ಕಂಡುಕೊಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ ಅನ್ನಿಸಿತು. ಎಷ್ಟೋ ಸಲ ಹೊರಗೆ ಚರ್ಮಕ್ಕೆ ಹೆಚ್ಚೇನೂ ಆಗಿರುವುದಿಲ್ಲ, ಒಳಗೆ ಮೂಳೆ ಚೂರಾಗಿರುತ್ತದೆ. ನಮ್ಮ ಬೆಸುಗೆಯ ಹಾಗೇ!

ಆಗಲೇ ಎಕ್ಸ್-ರೇ ಬಂದಾಗಿತ್ತು. ರಾಂಟ್‌ಜೆನ್ ಅದನ್ನು ಕಂಡದ್ದು 1895ರ ನವೆಂಬರಿನಲ್ಲಿ. ಲ ಫೋರ್ ಬರೆದ ಅದೇ 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವನಿಗೆ ಸಿಕ್ಕಿತು. ಕೈಮೂಳೆ, ಕಾಲುಮೂಳೆ ಎಕ್ಸ್-ರೇಗೆ ಸಲೀಸು. ಮುಖ ಹಾಗಲ್ಲ. ಅಲ್ಲಿ ತೆಳು ಮೂಳೆಗಳು ಒಂದರ ಹಿಂದೊಂದು ಅಡಗಿವೆ, ನಡುನಡುವೆ ಗಾಳಿಯ ಗೂಡುಗಳು. ತಲೆ ಹಿಂದಕ್ಕೆ ಬಾಗಿಸಿ ತೆಗೆಯುವ ಆ ಭಂಗಿಯನ್ನು ವಾಟರ್ಸ್ ಮತ್ತು ವಾಲ್ಡ್ರನ್ 1915ರಲ್ಲಿ ಬರೆದರು. ಅವರು ಹುಡುಕುತ್ತಿದ್ದದ್ದು ಸೈನಸ್ ಕಾಯಿಲೆಯನ್ನು. ಮೂಳೆಮುರಿತಕ್ಕೂ ಅದು ಉಪಯೋಗಕ್ಕೆ ಬಂತು. ಆದರೆ ಗಾಯಾಳು ಕುತ್ತಿಗೆ ಬಾಗಿಸಲು ಆಗಬೇಕಲ್ಲ? ಆವತ್ತು ಪುಟ್ಟುವಿಗೆ ಅಡ್ಡ ಬಂದದ್ದು ಅದೇ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯನ್ನು ಪದರ ಪದರವಾಗಿ ತೋರಿಸಿತು. ಮುಂದೆ ಮುಖದ ಮುರಿತಕ್ಕೆ ಸಿ.ಟಿ.ಯೇ ಕೊನೆಯ ಮಾತಾಯಿತು. ಈಗಲೂ ಹಾಗೇ. ಆದರೆ ಸಿ.ಟಿ. ರೋಗಿಯ ಹತ್ತಿರ ಬರುವುದಿಲ್ಲ, ರೋಗಿಯೇ ಅದರ ಹತ್ತಿರ ಹೋಗಬೇಕು.

*

ಇನ್ನು ಶಬ್ದದ ಕಥೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು, ಜಾಕ್ ಮತ್ತು ಪಿಯರ್, 1880ರಲ್ಲಿ ತೋರಿಸಿದರು. ತಿರುಗಾಮುರುಗಾ, ವಿದ್ಯುತ್ ಕೊಟ್ಟರೆ ಹರಳು ನಡುಗಿ ಶಬ್ದ ಹುಟ್ಟಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟ ಹೆಚ್ಚಾದಾಗ ಪಿಯರನ ಶಿಷ್ಯ ಪಾಲ್ ಲಾಂಜೆವಿನ್ ಇದನ್ನೇ ನೀರಿಗಿಳಿಸಿದ. 1917ರ ಹೊತ್ತಿಗೆ ಕ್ವಾರ್ಟ್ಜ್ ಹರಳನ್ನು ಉಕ್ಕಿನ ತಗಡುಗಳ ನಡುವೆ ಇಟ್ಟು ಸಮುದ್ರದೊಳಕ್ಕೆ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಕೆಲಸ ನಡೆದಿತ್ತು. ಆ ಶಬ್ದದ ದಾರಿಗೆ ಸಿಕ್ಕ ಮೀನುಗಳು ಸಾಯುತ್ತಿದ್ದವಂತೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಇದು ಕಾರ್ಖಾನೆಗೆ ಬಂತು. ಅಮೆರಿಕದಲ್ಲಿ ಫ್ಲಾಯ್ಡ್ ಫೈರ್‌ಸ್ಟೋನ್ 1940ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1942ರಲ್ಲಿ ಅದು ಸಿಕ್ಕಿತು. ಲೋಹದೊಳಗಿನ ಬಿರುಕನ್ನು ಪ್ರತಿಧ್ವನಿಯಿಂದ ಹಿಡಿಯುವ ಯಂತ್ರ ಅದು. ಬ್ರಿಟನ್ನಿನಲ್ಲಿ ಡೊನಾಲ್ಡ್ ಸ್ಪ್ರೂಲ್ ಅದೇ ಕಾಲದಲ್ಲಿ ಇಂಥದ್ದೇ ಒಂದನ್ನು ಮಾಡಿದ. ನನ್ನ ಅನ್ನದ ಮೂಲಪುರುಷರು ಇವರೇ ಅನ್ನಿ.

ಅದೇ ಹೊತ್ತಿಗೆ ಆಸ್ಟ್ರಿಯಾದ ನರರೋಗತಜ್ಞ ಕಾರ್ಲ್ ಡುಸಿಕ್ ಇದೇ ಶಬ್ದವನ್ನು ಮನುಷ್ಯನ ತಲೆಗೆ ತಿರುಗಿಸಿದ. ತಲೆಯ ಒಂದು ಕಡೆಯಿಂದ ಶಬ್ದ ಕಳಿಸಿ ಇನ್ನೊಂದು ಕಡೆ ಹಿಡಿದು, ಮಿದುಳಿನೊಳಗಿನ ನೀರಿನ ಕೋಣೆಗಳನ್ನು ನೋಡುವುದು ಅವನ ಆಸೆ. 1942ರಲ್ಲಿ ಮೊದಲ ಲೇಖನ ಬಂತು, 1947ರಲ್ಲಿ ಚಿತ್ರಗಳು. ಆದರೆ 1950ರ ದಶಕದ ಆರಂಭದಲ್ಲಿ ಬೇರೆಯವರು ಪರೀಕ್ಷಿಸಿದಾಗ, ಅವನು ಮಿದುಳು ಅಂದುಕೊಂಡದ್ದು ಕಪಾಲದ ಮೂಳೆಯ ದಪ್ಪ-ತೆಳುಗಳ ಆಟ ಎಂದು ಗೊತ್ತಾಯಿತು. ಪಾಪ ಡುಸಿಕ್! ಎದುರಿಗೆ ಕಂಡದ್ದು ಮೂಳೆ, ಅವನು ನೋಡಬಯಸಿದ್ದು ಅದರ ಹಿಂದಿನದನ್ನು. ಮೂಳೆ ಶಬ್ದಕ್ಕೆ ಗೋಡೆ. ಬಡಿದ ಶಬ್ದದಲ್ಲಿ ಒಂದು ದೊಡ್ಡ ಪಾಲು ವಾಪಸ್ ಬರುತ್ತದೆ, ಒಳಹೊಕ್ಕದ್ದು ಬೇಗ ಕರಗಿಹೋಗುತ್ತದೆ. ಹಾಗಾಗಿ ಮೂಳೆಯ ವಿಷಯಕ್ಕೆ ಅಲ್ಟ್ರಾಸೌಂಡ್ ಬೇಡ ಅನ್ನುವ ಮಾತು ಬಹಳ ಕಾಲ ಉಳಿಯಿತು.

ಈಗ ಬಂತು ನೋಡಿ ಬಾಯ್ಲರ್. ಇಯಾನ್ ಡೊನಾಲ್ಡ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹೆರಿಗೆ ವಿಭಾಗದ ಪ್ರಾಧ್ಯಾಪಕ. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದವನು, ರೇಡಾರ್ ಬಗ್ಗೆ ತಿಳಿದಿದ್ದವನು. ಹತ್ತಿರದ ರೆನ್‌ಫ್ರೂನಲ್ಲಿ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಎಂಬ ಬಾಯ್ಲರ್ ಕಂಪನಿ. ಅದರ ನಿರ್ದೇಶಕರೊಬ್ಬರ ಹೆಂಡತಿ ಇವನ ರೋಗಿ. ಆ ಪರಿಚಯದ ಮೇಲೆ 1955ರ ಜುಲೈ 21ರಂದು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗರ್ಭಕೋಶದ ಗೆಡ್ಡೆಗಳನ್ನೂ ಅಂಡಾಶಯದ ನೀರುಗುಳ್ಳೆಗಳನ್ನೂ ಕಾರಿಗೆ ಹೇರಿಕೊಂಡು ಬಾಯ್ಲರ್ ಕಾರ್ಖಾನೆಗೆ ಹೋದ! ಹೋಲಿಕೆಗೆ ಇರಲಿ ಎಂದು ಕಂಪನಿಯವರು ಒಂದು ದೊಡ್ಡ ಮಾಂಸದ ತುಂಡು ತರಿಸಿಟ್ಟಿದ್ದರು. ಉಕ್ಕಿನ ಬಿರುಕು ಹುಡುಕುವ ಯಂತ್ರ ಗಟ್ಟಿ ಗೆಡ್ಡೆಗೂ ನೀರುಗುಳ್ಳೆಗೂ ಬೇರೆ ಬೇರೆ ಪ್ರತಿಧ್ವನಿ ತೋರಿಸಿತು. ನಮ್ಮ ಕಾರ್ಖಾನೆಗೆ ಯಾರಾದರೂ ಹಾಗೆ ಗೆಡ್ಡೆ ತುಂಬಿಕೊಂಡು ಬಂದರೆ ಗೇಟಿನಲ್ಲೇ ಸೆಕ್ಯೂರಿಟಿಯವರು ಏನು ಮಾಡುತ್ತಾರೋ!

ಆಮೇಲೆ ಕೆಲ್ವಿನ್ ಅಂಡ್ ಹ್ಯೂಸ್ ಕಂಪನಿಯ ತರುಣ ಎಂಜಿನಿಯರ್ ಟಾಮ್ ಬ್ರೌನ್ ಜೊತೆಗೂಡಿದ. ವೈದ್ಯ ಜಾನ್ ಮ್ಯಾಕ್‌ವಿಕರ್ ಸೇರಿ ಮೂವರೂ 1958ರ ಜೂನ್ 7ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಲೇಖನ ಪ್ರಕಟಿಸಿದರು. ಹೊಟ್ಟೆಯ ಕ್ಯಾನ್ಸರ್ ಮಿತಿಮೀರಿದೆ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳಿಗೆ ಈ ಯಂತ್ರ ಇಟ್ಟು ನೋಡಿದರೆ, ಇದ್ದದ್ದು ಅಂಡಾಶಯದ ದೊಡ್ಡ ನೀರುಗುಳ್ಳೆ. ಅದನ್ನು ತೆಗೆದರು, ಆಕೆ ಬದುಕಿದಳು. ಮುಂದಿನದು ನಮಗೆಲ್ಲ ಗೊತ್ತಿರುವ ಸ್ಕ್ಯಾನಿಂಗ್.

*

ಹೊಟ್ಟೆಯಿಂದ ಅದು ಮುಖಕ್ಕೆ ಬಂದದ್ದು ಹೇಗೆ? ಕಣ್ಣಿನ ಮೂಲಕ. ಕಣ್ಣೆಂದರೆ ಶಬ್ದಕ್ಕೆ ಹೇಳಿಮಾಡಿಸಿದ ನೀರಿನ ಗೋಲ. 1950ರ ದಶಕದಲ್ಲೇ ಕಣ್ಣಿನ ವೈದ್ಯರು ಅದನ್ನು ಬಳಸತೊಡಗಿದ್ದರು. ಕಣ್ಣಿನಾಚೆ ಇರುವುದೇ ಕಣ್ಣಿನ ಗೂಡು. 1981ರಲ್ಲಿ ಆ ಗೂಡಿನ ಒಳಗೋಡೆಯ ಮುರಿತಕ್ಕೆ ಸಿ.ಟಿ. ಮತ್ತು ಅಲ್ಟ್ರಾಸೌಂಡ್ ಎರಡನ್ನೂ ಬಳಸಿ ನೋಡಿದ ಲೇಖನ ಬಂತು. 1990ರಲ್ಲಿ ಜಪಾನಿನ ಶಸ್ತ್ರವೈದ್ಯರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕುಸಿದ ಕೆನ್ನೆಮೂಳೆಯ ಕಮಾನನ್ನು ಮೇಲೆತ್ತುವಾಗಲೇ ಪ್ರೋಬ್ ಇಟ್ಟು, ಅದು ಜಾಗಕ್ಕೆ ಬಂತೋ ಇಲ್ಲವೋ ಎಂದು ನೋಡಿಕೊಂಡರು. ಹೀಗೆತ್ತುವ ವಿಧಾನ ಹಳೆಯದು. ಕೂದಲಿನೊಳಗೆ, ಕಪೋಲದ ಮೇಲ್ಭಾಗದಲ್ಲಿ ಸಣ್ಣದಾಗಿ ಕೊಯ್ದು ಮೂಳೆಯ ಕೆಳಗೆ ಸನಿಕೆಯಂಥ ಉಪಕರಣ ತೂರಿಸಿ ಎತ್ತುವುದು. ಹೆರಾಲ್ಡ್ ಗಿಲೀಸ್ ಮತ್ತು ಜೊತೆಗಾರರು 1927ರಲ್ಲಿ ಬರೆದದ್ದು. ಅಲ್ಲಿಯವರೆಗೆ ಕೈಯ ಅಂದಾಜೇ ಆಧಾರವಾಗಿತ್ತು.

2000ದಲ್ಲಿ ಕೆನ್ನೆಮೂಳೆ ಮತ್ತು ಕಣ್ಣಿನ ಗೂಡಿನ ಮುರಿತವನ್ನು ಅಲ್ಟ್ರಾಸೌಂಡಿನಿಂದ ಪರೀಕ್ಷಿಸಿ ಬರೆದವರು ಎಲ್ಲಿಯವರು ಗೊತ್ತಾ? ಗ್ಲಾಸ್ಗೋದವರು! ಇದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಬಿರುಕು ಹುಡುಕುವ ಯಂತ್ರ ಅದೇ ಊರಿನ ಪಕ್ಕದ ಬಾಯ್ಲರ್ ಕಾರ್ಖಾನೆಯಿಂದ ಹೊರಟು, ಗೆಡ್ಡೆ, ಗರ್ಭ ಎಲ್ಲ ಸುತ್ತಿ, ನಲವತ್ತೈದು ವರ್ಷಕ್ಕೆ ಮತ್ತೆ ಬಿರುಕು ಹುಡುಕುವ ಕೆಲಸಕ್ಕೇ ಬಂದಿತ್ತು.

ಇಷ್ಟರಲ್ಲಿ ಯಂತ್ರವೂ ಸಣ್ಣದಾಗಿತ್ತು. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಹಣದಿಂದ ಹುಟ್ಟಿದ, ಕೈಯಲ್ಲಿ ಹಿಡಿದು ಓಡಾಡಬಹುದಾದ ಸೊನೋಸೈಟ್ ಯಂತ್ರ 1999ರಲ್ಲಿ ಮಾರುಕಟ್ಟೆಗೆ ಬಂತು. ಅಪಘಾತದವರ ಹೊಟ್ಟೆಯಲ್ಲಿ ರಕ್ತ ಸೋರಿದೆಯೇ ಎಂದು ಹಾಸಿಗೆಯ ಪಕ್ಕದಲ್ಲೇ ನೋಡುವ ಪದ್ಧತಿ 1990ರ ದಶಕದಲ್ಲಿ ಗಟ್ಟಿಯಾಗಿತ್ತು. ಪ್ರೋಬ್ ಹೇಗೂ ಕೈಯಲ್ಲಿದೆ, ಮುಖವನ್ನೂ ನೋಡಿಬಿಡೋಣ ಎಂದು ಕೆಲವರಿಗೆ ಅನ್ನಿಸಿದ್ದು ಸಹಜ. 2011ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡಿದವರು ನೈಜೀರಿಯಾದ ಶಸ್ತ್ರವೈದ್ಯರು. ಇದು ನನಗೆ ಆಶ್ಚರ್ಯ ತರಲಿಲ್ಲ. ಸಿ.ಟಿ. ಮೂಲೆಮೂಲೆಗೂ ಸಿಗುವ ದೇಶದವರಿಗೆ ಈ ಪ್ರಶ್ನೆ ಒಂದು ಕುತೂಹಲ, ಸಿಗದ ಕಡೆಯವರಿಗೆ ದಿನದ ಪಾಡು.

ಇದರ ಗುಟ್ಟು ಡುಸಿಕ್ ಸೋತ ಜಾಗದಲ್ಲೇ ಇದೆ. ಮೂಳೆ ಶಬ್ದವನ್ನು ಒಳಗೆ ಬಿಡುವುದಿಲ್ಲ, ವಾಪಸ್ ಕಳಿಸುತ್ತದೆ. ಆದ್ದರಿಂದಲೇ ಪರದೆಯಲ್ಲಿ ಅದರ ಮೇಲ್ಮೈ ಬೆಳ್ಳಗೆ, ಚಾಕಿನಲ್ಲಿ ಎಳೆದ ಗೆರೆಯ ಹಾಗೆ ಕಾಣುತ್ತದೆ. ಗೆರೆ ತುಂಡಾದರೆ ಮೂಳೆ ತುಂಡಾಗಿದೆ. ಮುಖದ ಮೂಳೆಗಳು ಚರ್ಮಕ್ಕೆ ತೀರಾ ಹತ್ತಿರ, ಆದ್ದರಿಂದ ಹೆಚ್ಚು ಆಳಕ್ಕೆ ಹೋಗದ, ಆದರೆ ಸೂಕ್ಷ್ಮವಾಗಿ ತೋರಿಸುವ, 7ರಿಂದ 15 ಮೆಗಾಹರ್ಟ್ಜ್ ಪ್ರೋಬ್ ಸಾಕು. ಮೂಗು, ಕೆನ್ನೆಮೂಳೆಯ ಕಮಾನು, ಕಣ್ಣಿನ ಗೂಡಿನ ಅಂಚು, ಕೆಳದವಡೆಯ ಹೊರಮೈ... ಇವೆಲ್ಲ ಚೆನ್ನಾಗಿ ಕಾಣುತ್ತವೆ. ಎಷ್ಟೇ ಊದಿದ್ದರೂ ಪರವಾಗಿಲ್ಲ, ಶಬ್ದ ಊತವನ್ನು ದಾಟಿ ಹೋಗುತ್ತದೆ. ವಿಕಿರಣವಿಲ್ಲ, ಹಾಗಾಗಿ ಬಸುರಿಯರಿಗೂ ಮಕ್ಕಳಿಗೂ ಅಂಜಿಕೆಯಿಲ್ಲ.

ಆಗದ್ದೂ ಇದೆ. ಸರಿಯದೆ ಬರೀ ಸೀಳಿದ ಮೂಳೆ ತಪ್ಪಿಸಿಕೊಳ್ಳಬಹುದು. ಗೂಡಿನ ಆಳ, ದವಡೆಯ ಕೀಲಿನ ಒಳಭಾಗ, ಮೂಳೆಯ ಹಿಂದಿನ ಮೂಳೆ ಇವು ಕಾಣುವುದಿಲ್ಲ. ಸೈನಸ್ ಒಡೆದು ಚರ್ಮದಡಿ ಗಾಳಿ ಸೇರಿದ್ದರೆ ಶಬ್ದ ಅಲ್ಲೇ ನಿಲ್ಲುತ್ತದೆ. ಕಣ್ಣುಗುಡ್ಡೆಯೇ ಒಡೆದಿರುವ ಅನುಮಾನವಿದ್ದರೆ ಅದರ ಮೇಲೆ ಒತ್ತಲೇಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಹಿಡಿದ ಕೈ ಪಳಗಿರಬೇಕು.

*

ನಮ್ಮಲ್ಲಿ ಈ ಯಂತ್ರಕ್ಕೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. ಆವತ್ತು ರಾತ್ರಿ ಯಂತ್ರದ ಹಿಂದಿನ ಗೋಡೆಯಲ್ಲೇ ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಅನ್ನುವ ಬೋರ್ಡಿತ್ತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927. ಇದಕ್ಕಾಗಿಯೇ 1994ರಲ್ಲಿ ಕಾನೂನು ಬಂತು, 2003ರಲ್ಲಿ ಬಿಗಿಯಾಯಿತು. ಯಂತ್ರಗಳೆಲ್ಲ ನೋಂದಣಿಯಾಗಬೇಕು. 2012ರ ನಿಯಮದಂತೆ, ಸಾಗಿಸಬಹುದಾದ ಯಂತ್ರವನ್ನು ಸಂಚಾರಿ ಚಿಕಿತ್ಸಾ ಘಟಕದಂಥ ಕೆಲವು ಕಡೆ ಬಿಟ್ಟರೆ ನೋಂದಾಯಿಸಿದ ಆವರಣದಿಂದಾಚೆ ಒಯ್ಯುವಂತಿಲ್ಲ. ಬೇರೆ ದೇಶಗಳಲ್ಲಿ ವೈದ್ಯರು ಜೇಬಿನಲ್ಲಿಟ್ಟುಕೊಂಡು ಅಪಘಾತದ ಜಾಗಕ್ಕೇ ಓಡುವ ಯಂತ್ರ ನಮ್ಮಲ್ಲಿ ರಿಜಿಸ್ಟರಿನಲ್ಲಿ ಬರೆದು, ಒಂದು ಕಟ್ಟಡದೊಳಗೆ ಇಡಬೇಕಾದದ್ದು. ಕಾನೂನನ್ನು ಬೈಯಲು ನನಗೆ ಬಾಯಿಬರುವುದಿಲ್ಲ. ಹುಟ್ಟದೇ ಹೋದ ಆ ಹೆಣ್ಣುಮಕ್ಕಳ ಲೆಕ್ಕ ಎದುರಿಗಿದೆ. ಯಂತ್ರ ತೋರಿಸುತ್ತದೆ ಅಷ್ಟೇ. ನೋಡಿದ ಮೇಲೆ ಏನು ಮಾಡುತ್ತೇವೆ ಅನ್ನುವುದು ನಮ್ಮದು.

ನಮ್ಮ ದೇಶದಲ್ಲಿ ತುರ್ತು ವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗದ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಆ ವೈದ್ಯೆಯಂಥವರು ಸಣ್ಣ ಊರಿಗೆ ಬಂದದ್ದು ನಮ್ಮ ಪುಣ್ಯ. ಚಿಕ್ಕಪ್ಪ ಅವರನ್ನು ಕೇಳಿದರು, "ಅಲ್ಲಿಗೆ ಇಷ್ಟೇ ತಾನೇ ಡಾಕ್ಟ್ರೇ? ಬೇರೆ ಕಡೆ ಏನೂ ಆಗಿಲ್ವಲ್ಲ?"

ಅವರು ಹೇಳಿದ್ದನ್ನು ನಾನು ಮರೆತಿಲ್ಲ. "ನನಗೆ ಕಂಡದ್ದು ಇದು. ಕಾಣದೇ ಇರೋದು ಇಲ್ಲ ಅಂತ ನಾನು ಹೇಳಲ್ಲ. ಬೆಳಿಗ್ಗೆ ಸಿ.ಟಿ. ಮಾಡಿಸ್ಲೇಬೇಕು. ಎರಡು ವಾರ ಬಿಟ್ರೆ ಮೂಳೆ ಇದ್ದ ಹಾಗೇ ಕೂಡಿಕೊಳ್ಳೋಕೆ ಶುರುವಾಗುತ್ತೆ, ಆಮೇಲೆ ಎತ್ತೋದು ಕಷ್ಟ."

ನಮ್ಮ ಕೆಲಸದಲ್ಲೂ ಮೊದಲು ಕಲಿಸುವ ಪಾಠ ಇದೇ. ವರದಿಯಲ್ಲಿ ದೋಷವಿಲ್ಲ ಎಂದು ಬರೆಯಬಾರದು, ದೋಷ ಕಂಡುಬಂದಿಲ್ಲ ಎಂದು ಬರೆಯಬೇಕು. ಎರಡೂ ಒಂದೇ ಅಲ್ಲ. ಹದಿನಾರು ವರ್ಷ ಬರೆದ ಆ ವಾಕ್ಯದ ತೂಕ ನನಗೆ ಗೊತ್ತಾದದ್ದು ಆವತ್ತು.

ಮಾರನೆಯ ದಿನ ಸಿ.ಟಿ. ಆಯಿತು. ಪ್ರೋಬಿನಲ್ಲಿ ಕಂಡ ಮುರಿತ ಅಲ್ಲೇ ಇತ್ತು. ಕಾಣದಿದ್ದ ಇನ್ನೊಂದೂ ಇತ್ತು, ಕಣ್ಣಿನ ಗೂಡಿನ ತಳದಲ್ಲಿ ಸಣ್ಣ ಸೀಳು. ಅದಕ್ಕೆ ಏನೂ ಮಾಡಬೇಕಾಗಲಿಲ್ಲ, ತಾನಾಗಿ ಕೂಡಿತು. ಕೆನ್ನೆಮೂಳೆಯನ್ನು ಆರನೆಯ ದಿನ ಗಿಲೀಸನ ದಾರಿಯಲ್ಲೇ ಎತ್ತಿ ಕೂರಿಸಿದರು. ಜೋಮು ಹೋಗಲು ಐದು ತಿಂಗಳು ಹಿಡಿಯಿತು.

ಹೋದ ತಿಂಗಳು ಊರಿಗೆ ಹೋದಾಗ ಪುಟ್ಟು ಜಗಲಿಯ ಮೇಲೆ ಕೂತು ಮಾವಿನಹಣ್ಣು ತಿನ್ನುತ್ತಿದ್ದ. ಹೋಳು ಮಾಡದೆ, ಇಡೀ ಹಣ್ಣಿಗೆ ಬಾಯಿಹಾಕಿ, ಮೊಣಕೈವರೆಗೂ ರಸ ಇಳಿಸಿಕೊಂಡು. ಗೋಡೆಯ ಮೇಲೆ ತಾತನ ಫೋಟೋ. ಫೋಟೋಗ್ರಾಫರ್ ಅವರನ್ನು ಎಡಕ್ಕೆ ತಿರುಗಿಸಿ ಕೂರಿಸಿ, ಸರಿಯಿದ್ದ ಕೆನ್ನೆಯನ್ನಷ್ಟೇ ತೆಗೆದಿದ್ದಾನೆ. ಅದನ್ನು ನಾನು ಗಮನಿಸಿದ್ದು ಆವತ್ತೇ.

ಹೆಲ್ಮೆಟ್ ಈಗ ತಲೆಯ ಮೇಲಿರುತ್ತದೆ ಅನ್ನುತ್ತಾನೆ. ನಂಬಿದ್ದೇನೆ. ನೀವೂ ಹಾಕಿಕೊಳ್ಳಿ, ಮುಖ ಪೂರ್ತಿ ಮುಚ್ಚುವಂಥದ್ದನ್ನೇ.